ಅಡಿಕೆಯ ನೆರಳಿನ ಚಾಕೊಲೇಟು

ಪುತ್ತೂರು, ವಿಟ್ಲ, ಸುಳ್ಯದ ತೋಟಗಳಿಗೆ ಇಳಿದವರಿಗೆ ಕೊಕ್ಕೋ ಗಿಡವನ್ನು ಯಾರೂ ತೋರಿಸಿಕೊಡಬೇಕಾಗಿಲ್ಲ. ಒಂಬತ್ತಡಿ ಅಂತರದಲ್ಲಿ ನಿಂತ ಅಡಿಕೆ ಮರಗಳ ನಡುವೆ, ಕಾಂಡಕ್ಕೂ ದಪ್ಪ ಗೆಲ್ಲುಗಳಿಗೂ ನೇರವಾಗಿ ಅಂಟಿಕೊಂಡೇ ಹಳದಿ ಕಾಯಿಗಳು ತೂಗುತ್ತಿರುತ್ತವೆ. ಕೊಯ್ದ ಕಾಯಿಯನ್ನು ಕತ್ತಿಯಿಂದ ಸೀಳುವುದು ಒಳ್ಳೆಯದಲ್ಲ, ಬೀಜಕ್ಕೆ ಗಾಯವಾದರೆ ಬೂಸ್ಟು ಹಿಡಿಯುತ್ತದೆ. ಮರದ ಕೊರಡಿನಿಂದ ಒಂದು ಪೆಟ್ಟು ಕೊಟ್ಟರೆ ಸಾಕು. ಸಿಪ್ಪೆ ಬಿರಿದಾಗ ಬಿಳಿ ಲೋಳೆಯೊಳಗೆ ಮೂವತ್ತು, ನಲವತ್ತು ಬೀಜ. ಲೋಳೆ ಚೀಪಿದರೆ ಹುಳಿಸಿಹಿ. ಬೀಜ ಕಚ್ಚಿದರೆ ಬಾಯೆಲ್ಲ ಒಗರು, ಕಹಿ. ಚಾಕೊಲೇಟಿನ ಪರಿಮಳದ ಸುಳಿವೂ ಅಲ್ಲಿಲ್ಲ.

ಈ ಗಿಡ ನಮ್ಮ ನೆಲದ್ದಲ್ಲ. ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನ ಮೂಲದ್ದು. ಈಸ್ಟ್ ಇಂಡಿಯಾ ಕಂಪನಿಯವರು 1798ರಲ್ಲಿ ತಮಿಳುನಾಡಿನ ಕುಟ್ರಾಲಂನಲ್ಲಿ ಕೆಲವು ಗಿಡ ನೆಟ್ಟು ನೋಡಿದ್ದರು. ಅವು ಕ್ರಿಯೊಲೊ ತಳಿಯವು: ರುಚಿಯಲ್ಲಿ ಮೇಲು, ರೋಗಕ್ಕೆ ತುಂಬ ಮೆದು. ಅದು ಬೆಳೆಯಾಗಿ ಹಬ್ಬಲಿಲ್ಲ. 1965ರ ಹೊತ್ತಿಗೆ ಕ್ಯಾಡ್‌ಬರಿ ಕಂಪನಿ ವಯನಾಡಿನ ಚುಂಡೇಲಿನಲ್ಲಿ ಪ್ರಾತ್ಯಕ್ಷಿಕೆ ತೋಟ ಮಾಡಿದ ಮೇಲೆ ಕೊಕ್ಕೋ ನಿಜಕ್ಕೂ ಬೆಳೆಯಾಯಿತು. ಆಗ ಬಂದದ್ದು ಗಟ್ಟಿಮುಟ್ಟಾದ ಫೊರಾಸ್ಟೆರೊ. ಇವೆರಡರ ಬೆರಕೆಯಾದ ಟ್ರಿನಿಟಾರಿಯೊ ಮೂರನೆಯ ಪಂಗಡ. ಕೊಕ್ಕೋಗೆ ನೆರಳು ಬೇಕು, ತೇವ ಬೇಕು. ಅಡಿಕೆ ತೋಟದಲ್ಲಿ ಎರಡೂ ಇದ್ದವು. ವಿಟ್ಲದ ಸಂಶೋಧನಾ ಕೇಂದ್ರವೂ ಇದನ್ನು ಅಡಿಕೆಗೆ ಒಗ್ಗುವ ಮಿಶ್ರಬೆಳೆ ಎಂದು ಕಂಡುಕೊಂಡಿತು. ಎಪ್ಪತ್ತರ ದಶಕದಲ್ಲಿ ದಕ್ಷಿಣ ಕನ್ನಡದ ರೈತರು ಉತ್ಸಾಹದಿಂದ ನೆಟ್ಟರು.

ಆ ದಶಕದ ಕೊನೆಗೆ ಬೆಲೆ ಬಿತ್ತು. ಕೊಕ್ಕೋ ಅಡಿಕೆಯಂತಲ್ಲ. ಒಣ ಅಡಿಕೆಯನ್ನು ಅಟ್ಟದಲ್ಲಿಟ್ಟು ಒಳ್ಳೆಯ ದರಕ್ಕೆ ಕಾಯಬಹುದು. ಹಸಿ ಕೊಕ್ಕೋ ಅಂದೇ ಹೋಗಬೇಕು, ಇಲ್ಲವಾದರೆ ಕೊಳೆಯಬೇಕು. ಕೊಳ್ಳುವವರು ಹಿಂದೆ ಸರಿದಾಗ ಎಷ್ಟೋ ತೋಟಗಳಲ್ಲಿ ಗಿಡಗಳಿಗೆ ಕೊಡಲಿ ಬಿತ್ತು.

ಅಡಿಕೆಯ ಬೆಲೆ ಕುಸಿತದಿಂದಲೇ ಹುಟ್ಟಿದ ಸಂಸ್ಥೆಯೊಂದು ಅಷ್ಟರಲ್ಲಿ ಮಂಗಳೂರಿನಲ್ಲಿ ಬೇರೂರಿತ್ತು. ಕರ್ನಾಟಕ ಮತ್ತು ಕೇರಳದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ, 1973ರ ಜುಲೈ 11ರಂದು ನೋಂದಣಿಯಾದದ್ದು. ಅಡ್ಯನಡ್ಕದ ಕೃಷಿಕ ವಾರಣಾಶಿ ಸುಬ್ರಾಯ ಭಟ್ಟರು ಸ್ಥಾಪಕ ಅಧ್ಯಕ್ಷರು. 1980ರಲ್ಲಿ ಕ್ಯಾಂಪ್ಕೋ ಕೊಕ್ಕೋ ಖರೀದಿಗೆ ಇಳಿಯಿತು. ಕೊಂಡ ಬೀಜವನ್ನು ಇನ್ನೊಬ್ಬರಿಗೆ ಮಾರುತ್ತಲೇ ಇದ್ದರೆ ಮತ್ತೆ ಅವರ ದರಕ್ಕೇ ಕೈಯೊಡ್ಡಬೇಕು. ಹಾಗಾಗಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ತಮ್ಮದೇ ಕಾರ್ಖಾನೆ ಎದ್ದಿತು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ತಾಲ್ಲೂಕು ಕೇಂದ್ರವೊಂದರಲ್ಲಿ, ರೈತರೇ ಒಡೆಯರಾಗಿ, ಚಾಕೊಲೇಟು ಕಾರ್ಖಾನೆ! ಕನ್ನಡ ನಾಡಿನ ಸಹಕಾರ ಚಳವಳಿಯಲ್ಲಿ ಇಷ್ಟು ಧೈರ್ಯದ ಹೆಜ್ಜೆಗಳು ಹೆಚ್ಚಿಲ್ಲ.

ಇಂಥದೇ ಕಷ್ಟಕ್ಕೆ ಬೇರೆ ದಾರಿ ಹಿಡಿದವರೂ ಇದ್ದಾರೆ. ಮಧ್ಯ ಅಮೆರಿಕದ ಬೆಲೀಜಿನ ಟೊಲೆಡೊ ಜಿಲ್ಲೆಯ ಮಾಯಾ ಕೃಷಿಕರು 1990ರ ದಶಕದ ಆರಂಭದಲ್ಲಿ ಬೆಲೆ ಕುಸಿದು ಕಂಗಾಲಾಗಿದ್ದರು. ಲಂಡನ್ನಿನಲ್ಲಿ 1991ರಲ್ಲಿ ಸಾವಯವ ಚಾಕೊಲೇಟು ಮಾಡಲು ತೊಡಗಿದ್ದ ಗ್ರೀನ್ ಅಂಡ್ ಬ್ಲ್ಯಾಕ್ಸ್ ಕಂಪನಿ ಅವರ ಬೀಜ ಕೊಳ್ಳಲು ಒಪ್ಪಿತು. 1994ರಲ್ಲಿ ಬಂದ ಅವರ ಮಾಯಾ ಗೋಲ್ಡ್ ಬ್ರಿಟನ್ನಿನಲ್ಲಿ ನ್ಯಾಯಬೆಲೆ ವ್ಯಾಪಾರದ ಫೇರ್‌ಟ್ರೇಡ್ ಮುದ್ರೆ ಪಡೆದ ಮೊದಲ ಸರಕು. ಟೊಲೆಡೊದವರು ಸಾವಯವ ಎಂಬ ಗುರುತಿನಿಂದ ಬೆಲೆ ಗಳಿಸಿದರು; ಪುತ್ತೂರಿನವರು ಯಂತ್ರ ಹೂಡಿ ಗಳಿಸಿದರು.

ಹಾಗಾದರೆ ನಮ್ಮ ತೋಟದ ಕೊಕ್ಕೋ ಸಾವಯವವೇ? ಹಟ್ಟಿಗೊಬ್ಬರ, ಕಾಡಿನ ಸೊಪ್ಪು, ಬಿದ್ದ ಎಲೆಯ ಹೊದಿಕೆ ಇವೆಲ್ಲ ಇಲ್ಲಿ ಅಜ್ಜಂದಿರ ಕಾಲದಿಂದ ಇವೆ. ಆದರೆ ಮಳೆಗಾಲದ ಹೊಸ್ತಿಲಲ್ಲಿ ಅಡಿಕೆಗೆ ಮದ್ದು ಬಿಡುವ ಕೆಲಸವೂ ಇದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಇದು ಬೋರ್ಡೋ ದ್ರಾವಣ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದ ಈ ಮದ್ದನ್ನು ಕೊಳೆರೋಗಕ್ಕೆ ಪರಿಹಾರವೆಂದು ಮಲೆನಾಡಿನ ತೋಟಗಳಲ್ಲಿ ತೋರಿಸಿಕೊಟ್ಟವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ, ಕೆನಡಾದ ಲೆಸ್ಲಿ ಕೋಲ್ಮನ್. ಕೊಕ್ಕೋ ಕಾಯಿಯ ಕಪ್ಪು ಕೊಳೆಗೂ ಇದೇ ಮದ್ದು. ಸಾವಯವ ನಿಯಮಗಳು ಮೈಲುತುತ್ತಿನಲ್ಲಿರುವ ತಾಮ್ರವನ್ನು ಪೂರ್ತಿ ಹೊರಗಿಟ್ಟಿಲ್ಲ, ಮಿತಿ ಹಾಕಿವೆ. ಯುರೋಪ್ ಒಕ್ಕೂಟದಲ್ಲಿ ಆ ಮಿತಿ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ತಾಮ್ರ. ಮಳೆ ಜೋರಾದ ವರ್ಷ ಮೂರನೆಯ ಸಲವೂ ಮದ್ದು ಬಿಡಬೇಕಾಗಿ ಬರುವ ಕರಾವಳಿಯಲ್ಲಿ ಈ ಲೆಕ್ಕ ಇಡುವುದು ಸುಲಭವಲ್ಲ.

ಇದಕ್ಕಿಂತ ದೊಡ್ಡ ತೊಡಕು ತೋಟದ ಆಚೆಗಿದೆ. ಹತ್ತಾರು ಮನೆಗಳ ಹಸಿ ಬೀಜ ಒಂದೇ ಕಡೆ ಸುರಿದ ಮೇಲೆ ಯಾರದು ಸಾವಯವ, ಯಾರದು ಅಲ್ಲ ಎಂದು ಗುರುತಿಸುವುದು ಹೇಗೆ? ಪ್ರಮಾಣಪತ್ರ ಬೇಕೆಂದರೆ ಬೀಜವನ್ನು ಮೊದಲಿನಿಂದ ಕೊನೆಯವರೆಗೆ ಬೇರೆಯಾಗಿಯೇ ಇಡಬೇಕು. ಹುದುಗು ಬರಿಸುವುದು ಅದರಲ್ಲಿ ಮುಖ್ಯ ಹಂತ. ಬಾಳೆಎಲೆ ಹಾಸಿದ ಬುಟ್ಟಿಯಲ್ಲೋ ಮರದ ಪೆಟ್ಟಿಗೆಯಲ್ಲೋ ಆರೇಳು ದಿನ ಬೀಜ ಹುದುಗುತ್ತದೆ. ಲೋಳೆ ಕರಗಿ ಸೋರುತ್ತದೆ, ರಾಶಿಯ ಬಿಸಿ 45ರಿಂದ 50 ಡಿಗ್ರಿಗೆ ಏರುತ್ತದೆ, ನಡುನಡುವೆ ಮಗುಚಬೇಕು. ಹೊಸ ಹೆಂಡದ ವಾಸನೆ ಮೊದಲು, ಆಮೇಲೆ ಮೂಗಿಗೆ ಚುರುಕೆನ್ನುವ ಹುಳಿ. ಚಾಕೊಲೇಟಿನ ರುಚಿಗೆ ಬೇಕಾದ ಅಂಶಗಳು ಬೀಜದೊಳಗೆ ರೂಪುಗೊಳ್ಳುವುದು ಈಗ. ನಂತರ ಬಿಸಿಲಲ್ಲಿ ಒಣಗಿಸಿ, ಹುರಿದು, ಸಿಪ್ಪೆ ತೆಗೆದು ಅರೆಯುವುದು. ಇಷ್ಟನ್ನು ತೋಟದಲ್ಲೇ ನಿಂತು ನೋಡಿಕೊಳ್ಳುವ ಸಣ್ಣ ತಯಾರಕರು ಬಂದದ್ದು ತೀರಾ ಈಚೆಗೆ. ಮೈಸೂರಿನಲ್ಲಿ 2012ರ ಸುಮಾರಿಗೆ ಅರ್ಥ್ ಲೋಫ್ ಎಂದು ಆರಂಭವಾಗಿ ಈಗ ನವಿಲೂನ ಆಗಿರುವ ತಯಾರಿಕೆ ಇಂಥದ್ದು. ದಕ್ಷಿಣ ಭಾರತದ ಬೀಜವನ್ನೇ ನೆಚ್ಚಿಕೊಂಡದ್ದು. ಬೆಳೆಯುವವರ ಕಡೆ, ಸುಬ್ರಾಯ ಭಟ್ಟರ ಊರಾದ ಅಡ್ಯನಡ್ಕದ ವಾರಣಾಶಿ ತೋಟ ಸಾವಯವ ಕೃಷಿಗೆ ಹೆಸರಾಗಿದೆ.

ಕಪ್ಪು ಚಾಕೊಲೇಟು ಎಂದರೆ ಕೊಕ್ಕೋ ಮತ್ತು ಸಕ್ಕರೆ. ಹಾಲು ಸೇರಿದರೆ ಹಾಲಿನದು. ಬಿಳಿಯದರಲ್ಲಿ ಕೊಕ್ಕೋದ ಪಾಲೆಂದರೆ ಅದರ ಬೆಣ್ಣೆ ಮಾತ್ರ. ಯಾವುದನ್ನೇ ಸಾವಯವ ಎನ್ನಬೇಕಾದರೆ ಕೊಕ್ಕೋ ಒಂದೇ ಹಾಗಿದ್ದರೆ ಸಾಲದು, ಸಕ್ಕರೆಯೂ ಹಾಲಿನಪುಡಿಯೂ ಹಾಗೆಯೇ ಇರಬೇಕು.

ಆರೋಗ್ಯದ ಮಾತಿಗೆ ಬಂದರೆ ಉತ್ಪ್ರೇಕ್ಷೆ ಹೆಚ್ಚು. ಕೊಕ್ಕೋದಲ್ಲಿರುವ ಫ್ಲೇವನಾಲ್‌ಗಳು ರಕ್ತನಾಳ ಸಡಿಲವಾಗಿರಲು ನೆರವಾಗುತ್ತವೆ ಎನ್ನುವುದಕ್ಕೆ ಆಧಾರವಿದೆ. ಅಮೆರಿಕದಲ್ಲಿ 21,000ಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫ್ಲೇವನಾಲ್ ಪಡೆದವರಲ್ಲಿ ಹೃದಯ ಸಂಬಂಧಿ ಸಾವುಗಳು ಶೇ. 27 ಕಡಿಮೆ ಕಂಡವು, ಆದರೆ ಹೃದ್ರೋಗದ ಒಟ್ಟು ಪ್ರಕರಣಗಳು ಗಣನೀಯವಾಗಿ ಇಳಿಯಲಿಲ್ಲ. ಅವರು ನುಂಗಿದ್ದು ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್ ಇದ್ದ ಗುಳಿಗೆಗಳನ್ನು, ಚಾಕೊಲೇಟನ್ನಲ್ಲ. ಸಾವಯವ ಎಂದ ಮಾತ್ರಕ್ಕೆ ಫ್ಲೇವನಾಲ್ ಹೆಚ್ಚುವುದಿಲ್ಲ, ಸಕ್ಕರೆ ತಗ್ಗುವುದಿಲ್ಲ. ಅದೇ ವರ್ಷ ಅಮೆರಿಕದ ಗ್ರಾಹಕ ಸಂಸ್ಥೆಯೊಂದು 28 ಕಪ್ಪು ಚಾಕೊಲೇಟುಗಳನ್ನು ಪರೀಕ್ಷಿಸಿದಾಗ ಎಲ್ಲದರಲ್ಲೂ ಸೀಸ, ಕ್ಯಾಡ್ಮಿಯಂ ಕಂಡವು, ಸಾವಯವದವೂ ಅದರಲ್ಲಿದ್ದವು. ಕ್ಯಾಡ್ಮಿಯಂ ಮಣ್ಣಿನಿಂದ ಬೇರಿಗೆ ಏರುತ್ತದೆ, ಸೀಸ ಹೆಚ್ಚಾಗಿ ಬೀಜ ಒಣಗಿಸುವಾಗ ಧೂಳಿನಿಂದ ಅಂಟುತ್ತದೆ. ಸಾವಯವದ ನಿಜವಾದ ಲಾಭ ತೋಟದ ಮಣ್ಣಿಗೆ, ಅಲ್ಲಿ ದುಡಿಯುವವರ ಮೈಗೆ. ಅದು ಸಣ್ಣ ಲಾಭವಲ್ಲ.

ಪಶ್ಚಿಮ ಆಫ್ರಿಕದಲ್ಲಿ ರೋಗ ಮತ್ತು ಹವಾಮಾನದಿಂದ ಬೆಳೆ ಕೈಕೊಟ್ಟು 2024ರಲ್ಲಿ ಜಗತ್ತಿನ ಕೊಕ್ಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ನಮ್ಮ ಕಡೆಯೂ ಮರೆತ ಗಿಡಗಳ ಬುಡಕ್ಕೆ ಗೊಬ್ಬರ ಬಿತ್ತು. ಮರುವರ್ಷವೇ ಬೆಲೆ ಇಳಿಮುಖವಾಯಿತು. ತೋಟದವರಲ್ಲಿ ಕೇಳಿಕೊಳ್ಳುವುದಿಷ್ಟೇ: ಈ ಸಲ ಕೊಡಲಿ ಎತ್ತಬೇಡಿ.