ಕಾವಿ ತೊಟ್ಟ ಮೇಷ್ಟ್ರು: ಸ್ವಾಮಿ ರಾಮಾನಂದ ತೀರ್ಥರು ಮತ್ತು ಹೊಳೆಯಾಚೆಯ ಸ್ವಾತಂತ್ರ್ಯ

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ನಮ್ಮ ಶಾಲೆಯ ಅಂಗಳದಲ್ಲಿ ಧ್ವಜಾರೋಹಣ ನಡೆಯುತ್ತದೆ. ಆಗಸ್ಟ್ 15ರಂದು ಏರಿಸಿದ ಬಾವುಟವನ್ನು ತಿಂಗಳೊಪ್ಪತ್ತಿನಲ್ಲಿ ಮತ್ತೆ ಏಕೆ ಏರಿಸಬೇಕು ಎಂದು ಮಕ್ಕಳು ಕೇಳುವುದುಂಟು. ಅದಕ್ಕೆ ಉತ್ತರ ತುಂಗಭದ್ರೆಯ ಆಚೆ ದಂಡೆಯಲ್ಲಿದೆ. ಆ ಉತ್ತರದೊಳಗೆ ಒಬ್ಬ ಸಂನ್ಯಾಸಿಯ ಕಥೆಯೂ ಇದೆ. ಅವರು ಮೊದಲು ನಮ್ಮಂತೆಯೇ ಶಾಲೆಯ ಮೇಷ್ಟ್ರಾಗಿದ್ದವರು.

1947ರಲ್ಲಿ ನಮ್ಮ ಸೀಮೆಯಲ್ಲಿ ಮೂರು ಆಡಳಿತಗಳಿದ್ದವು. ಬಳ್ಳಾರಿ, ಹೊಸಪೇಟೆ, ಕಂಪ್ಲಿಗಳು ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನ. ಹೊಳೆ ದಾಟಿ ಆನೆಗುಂದಿ, ಗಂಗಾವತಿಗಳಿಗೆ ಕಾಲಿಟ್ಟರೆ ಅದು ನಿಜಾಮರ ಹೈದರಾಬಾದ್ ರಾಜ್ಯ. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಎರಡೂ ದಂಡೆಗಳಲ್ಲಿ ಬೇರೆ ಬೇರೆಯಾಗಿ ಅಡಿಗಲ್ಲು ಹಾಕಿದ್ದು ಇದೇ ಕಾರಣಕ್ಕೆ. ಭಾಷೆ ಒಂದೇ, ಬೀಗತನ ಒಂದೇ, ಆದರೆ ಸರ್ಕಾರ ಎರಡು. ಆಗಸ್ಟ್ 15ರಂದು ಹೊಸಪೇಟೆಯಲ್ಲಿ ಹಾರಾಡಿದ ತ್ರಿವರ್ಣ ಧ್ವಜವನ್ನು ಆಚೆ ದಂಡೆಯಲ್ಲಿ ಏರಿಸಿದವರು ಜೈಲು ಸೇರಬೇಕಾಯಿತು.

ಆ ಹೋರಾಟದ ಮುಂದಾಳು ಸ್ವಾಮಿ ರಾಮಾನಂದ ತೀರ್ಥರು. ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗಿಕರ. 1903ರ ಅಕ್ಟೋಬರ್ 3ರಂದು ಬಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನನ. ವಿದ್ಯಾರ್ಥಿಯಾಗಿದ್ದಾಗಲೇ ತಿಲಕರ ವಿಚಾರಗಳಿಗೂ ಗಾಂಧೀಜಿಯವರ ಅಸಹಕಾರದ ಕರೆಗೂ ಮನಸೋತರು. ಬ್ರಹ್ಮಚರ್ಯದ ಸಂಕಲ್ಪ ತೊಟ್ಟರು. ಕೆಲಕಾಲ ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರೊಡನೆ ದುಡಿದರು. ಆರೋಗ್ಯ ಕೆಟ್ಟ ಮೇಲೆ ನಿಜಾಮ್ ರಾಜ್ಯದ ಮರಾಠವಾಡಾದಲ್ಲಿ ಹಿಪ್ಪರಗಾ ಎಂಬ ಹಳ್ಳಿಯ ರಾಷ್ಟ್ರೀಯ ಶಾಲೆಗೆ ಶಿಕ್ಷಕರಾಗಿ ಬಂದರು. ಅಲ್ಲಿರುವಾಗಲೇ, 1930ರ ಸುಮಾರಿಗೆ, ಸಂನ್ಯಾಸ ದೀಕ್ಷೆ ಪಡೆದರು. ಕಾವಿ ತೊಟ್ಟರೂ ಕಾಡಿಗೆ ಹೋಗಲಿಲ್ಲ, ಮಠವನ್ನೂ ಕಟ್ಟಲಿಲ್ಲ. ಪಾಠ ಹೇಳುವುದನ್ನು ಮುಂದುವರಿಸಿದರು. ಮುಂದೆ ಅಂಬಾಜೋಗಾಯಿಯ ಶಾಲೆಯಲ್ಲೂ ಕೆಲಸ ಮಾಡಿದರು.

ಶಾಲೆಯಿಂದ ರಾಜಕೀಯಕ್ಕೆ ಅವರನ್ನು ಎಳೆದದ್ದು ಶಾಲೆಯೇ ಎನ್ನಬೇಕು. ಆ ರಾಜ್ಯದಲ್ಲಿ ಬಹುಜನರ ಮಾತು ತೆಲುಗು, ಮರಾಠಿ, ಕನ್ನಡ. ಆದರೆ ಆಡಳಿತದ ಭಾಷೆ, ಉನ್ನತ ಶಿಕ್ಷಣದ ಭಾಷೆ ಉರ್ದು. ಖಾಸಗಿ ಶಾಲೆಗಳ ಮೇಲೆ ಸರ್ಕಾರದ ಕಣ್ಣು. ಸಭೆ ಸೇರುವುದಕ್ಕೂ ಅನುಮತಿ ಬೇಕು. ಮಕ್ಕಳಿಗೆ ಅವರ ಮಾತಿನಲ್ಲಿ ಕಲಿಸಲು ಹೊರಟ ಮೇಷ್ಟ್ರಿಗೆ ದಾರಿಯಲ್ಲಿ ದೊರೆತನವೇ ಅಡ್ಡ ನಿಂತಿತ್ತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ಅದಕ್ಕೆ ನಿಷೇಧ ಬಿತ್ತು. ಸ್ವಾಮೀಜಿ ಶಾಲೆ ಬಿಟ್ಟು ಸತ್ಯಾಗ್ರಹಕ್ಕಿಳಿದು ಸೆರೆಮನೆ ಸೇರಿದರು. ಆ ನಿಷೇಧ ತೆರವಾಗಲು 1946ರವರೆಗೆ ಕಾಯಬೇಕಾಯಿತು. ಬಳಿಕ ಅವರೇ ಸಂಸ್ಥೆಯ ಅಧ್ಯಕ್ಷರಾದರು.

ಬ್ರಿಟಿಷರು ಹೊರಡುವ ಹೊತ್ತಿಗೆ ನಿಜಾಮರು ಸ್ವತಂತ್ರವಾಗಿ ಉಳಿಯುವುದಾಗಿ ಸಾರಿದರು. 1947ರ ಆಗಸ್ಟ್ 7ರಂದು ಭಾರತ ಒಕ್ಕೂಟಕ್ಕೆ ಸೇರಬೇಕೆಂಬ ಚಳವಳಿಗೆ ಸ್ವಾಮೀಜಿ ಕರೆ ಕೊಟ್ಟರು. ಇಡೀ ದೇಶ ಸ್ವಾತಂತ್ರ್ಯದ ಹಬ್ಬ ಆಚರಿಸುತ್ತಿದ್ದ ದಿನವೇ ಅವರ ಬಂಧನವಾಯಿತು. ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹೆಚ್ಚಿ ಜನ ಊರು ಬಿಟ್ಟು ಗಡಿ ದಾಟತೊಡಗಿದರು. ಗಡಿಯುದ್ದಕ್ಕೂ ಹೋರಾಟಗಾರರ ಶಿಬಿರಗಳು ಎದ್ದವು. ನಮಗೆ ಹತ್ತಿರದ ಮುಂಡರಗಿ ಶಿಬಿರವನ್ನು ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುನ್ನಡೆಸಿದರು. ಅವರೂ ಮುಂದೆ ಲೋಕಸಭೆಗೆ ಆಯ್ಕೆಯಾದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ರಾಜ್ಯವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಸ್ವಾಮೀಜಿ ಬಿಡುಗಡೆಯಾದರು.

ಈ ವಿಜಯಕ್ಕೆ ಇನ್ನೊಂದು ಮುಖವೂ ಇದೆ. ರಜಾಕಾರರಿಂದ ನೊಂದವರು ಎಷ್ಟೋ ಜನ. ಕಾರ್ಯಾಚರಣೆಯ ನಂತರ ಏನೂ ತಪ್ಪು ಮಾಡದ ಮುಸ್ಲಿಮರೂ ಹಲವೆಡೆ ಪ್ರಾಣ, ಆಸ್ತಿ ಕಳೆದುಕೊಂಡರು. ಎರಡನ್ನೂ ಹೇಳಿದರೆ ಮಾತ್ರ ಮಕ್ಕಳಿಗೆ ಇತಿಹಾಸ ಹೇಳಿದಂತೆ.

ಗೆದ್ದ ಮೇಲೆ ಗದ್ದುಗೆ ಸ್ವಾಮೀಜಿಗೆ ಬರಲಿಲ್ಲ. ಪಕ್ಷದೊಳಗೆ ಬಣಗಳಾದವು. 1952ರಲ್ಲಿ ಮುಖ್ಯಮಂತ್ರಿಯಾದವರು ಬೂರ್ಗುಲ ರಾಮಕೃಷ್ಣರಾವ್. ಸ್ವಾಮೀಜಿ 1952ರಲ್ಲಿ ಗುಲ್ಬರ್ಗಾದಿಂದ, 1957ರಲ್ಲಿ ಔರಂಗಾಬಾದಿನಿಂದ ಲೋಕಸಭೆಗೆ ಹೋದರು. ಅವರ ನೆರಳಿನಲ್ಲಿ ಬೆಳೆದ ಪಿ.ವಿ. ನರಸಿಂಹರಾವ್ 1991ರಲ್ಲಿ ದೇಶದ ಪ್ರಧಾನಿಯಾದರು.

ಅವರ ಸಂನ್ಯಾಸ ನನಗೆ ಹೆಚ್ಚು ಕಾಣುವುದು ಇನ್ನೊಂದು ಸಂದರ್ಭದಲ್ಲಿ. ಹೈದರಾಬಾದ್ ರಾಜ್ಯವನ್ನು ಭಾಷೆಗಳಿಗೆ ಅನುಸಾರವಾಗಿ ಹಂಚಬೇಕೆಂದು ಅವರು ವಾದಿಸಿದರು. ಯಾವ ರಾಜ್ಯದ ನಾಯಕರಾಗಿ ಅವರು ಹೆಸರಾದರೋ ಆ ರಾಜ್ಯವೇ ಇಲ್ಲವಾಗುವ ಮಾತು ಅದು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಅಂದು ರಾಯಚೂರು ಜಿಲ್ಲೆಯಲ್ಲಿದ್ದ ಕೊಪ್ಪಳ, ಗಂಗಾವತಿಗಳೂ ಬಂದವು. ಬಳ್ಳಾರಿ 1953ರಲ್ಲೇ ಮೈಸೂರಿಗೆ ಸೇರಿತ್ತು. ಹೊಳೆಯ ಎರಡೂ ದಂಡೆಗಳು ಒಂದೇ ರಾಜ್ಯದೊಳಗೆ ಬಂದದ್ದು ಹೀಗೆ. 1972ರ ಜನವರಿ 22ರಂದು ಸ್ವಾಮೀಜಿ ಹೈದರಾಬಾದಿನಲ್ಲಿ ತೀರಿಕೊಂಡರು.

ನಿಜಾಮರ ಆಳ್ವಿಕೆಗೆ ಒಳಪಡದ ನಮ್ಮ ಬಳ್ಳಾರಿಯೂ ಇಂದು 371ಜೆ ವಿಧಿಯ ಸೌಲಭ್ಯ ಪಡೆಯುತ್ತಿದೆ. 2019ರಿಂದ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು. ಆ ಮೀಸಲಾತಿಯಿಂದ ಸೀಟು ಪಡೆದ, ನೌಕರಿ ಹಿಡಿದ ಹಳೆಯ ವಿದ್ಯಾರ್ಥಿಗಳು ಈ ಸಂಚಿಕೆಯನ್ನು ಓದುತ್ತಿರಬಹುದು. ಆಚೆ ದಂಡೆಯವರು ತೆತ್ತ ಬೆಲೆಯ ಫಲ ನಮಗೂ ಬಂದಿದೆ. ಮುಂದಿನ ಸೆಪ್ಟೆಂಬರ್ 17ರಂದು ಮಗುವೊಂದು ಅದೇ ಪ್ರಶ್ನೆ ಕೇಳಿದರೆ, ರಜೆ ಸಿಗುವ ದಿನ ಎಂದು ಹೇಳಿ ಸುಮ್ಮನಾಗದೆ, ಹಳ್ಳಿಯ ಶಾಲೆಯಿಂದ ಹೊರಟ ಆ ಮೇಷ್ಟ್ರ ಕಥೆಯನ್ನು ಹೇಳೋಣ.