ಮೂವತ್ತೈದರ ಗೆರೆ ಎಳೆದವರು ಯಾರು?

ಇಲ್ಲಿ ಏನೂ ಬರೆಯದೆ ಎರಡು ತಿಂಗಳಾಯ್ತು. ಕೇಳಿದವರಿಗೆಲ್ಲ "ಮನೇಲಿ ಸ್ವಲ್ಪ ಓಡಾಟ" ಅಂತ ಹೇಳಿ ತಪ್ಪಿಸಿಕೊಳ್ತಿದ್ದೆ. ಮೊನ್ನೆ ಭಾವನೇ "ಬರಿ ಮಾರಾಯ, ನನ್ನ ಹೆಸರೊಂದು ಹಾಕಬೇಡ" ಅಂದರು. ಹಾಗಾಗಿ ಈ ಬರಹ.

ವಿಷಯ ಇಷ್ಟು. ಭಾವನಿಗೆ ಶುಗರ್ ಶುರುವಾಗಿ ಹದಿನಾಲ್ಕು ವರ್ಷ. ಇನ್ಸುಲಿನ್ ತಗೊಂಡರೂ ಹತೋಟಿಗೆ ಬರ್ತಿಲ್ಲ. ರಾತ್ರಿ ಮೂಗಿಗೆ ಮಾಸ್ಕ್ ಹಾಕಿಕೊಂಡು, ಗಾಳಿ ಊದುವ ಮಷೀನ್ ಪಕ್ಕದಲ್ಲಿಟ್ಟುಕೊಂಡೇ ಮಲಗಬೇಕು. ಡಾಕ್ಟರು ಬೊಜ್ಜಿನ ಆಪರೇಶನ್ ಮಾಡಿಸಿಕೊಳ್ಳಿ ಅಂದರು. ಮೊದಲ ದಿನ ಆಸ್ಪತ್ರೆಯಲ್ಲಿ ತೂಗಿದಾಗ 101 ಕಿಲೋ, ಎತ್ತರ 168 ಸೆಂಟಿಮೀಟರ್. ಬಿಎಂಐ ಲೆಕ್ಕ ಹಾಕಿದರೆ 35.8. ಆಮೇಲೆ ಹತ್ತು ವಾರ ತಯಾರಿ. ಡಯಟೀಶಿಯನ್ ಕೊಟ್ಟ ಚೀಟಿಯನ್ನು ಅಕ್ಕ ಫ್ರಿಜ್ಜಿಗೆ ಅಂಟಿಸಿ, ಒಂದು ನೋಟ್‌ಬುಕ್ಕಿನಲ್ಲಿ ದಿನಾ ತಿಂದದ್ದು, ನಡೆದದ್ದು ಎಲ್ಲ ಬರೆದಿಟ್ಟಳು. ತೂಕ 96.5ಕ್ಕೆ ಇಳಿಯಿತು. ನಾವೆಲ್ಲ ಖುಷಿಪಟ್ಟೆವು. ಆಗ ಆಸ್ಪತ್ರೆಯವರು ಇನ್ಶೂರೆನ್ಸ್ ಒಪ್ಪಿಗೆಗೆ ಕಾಗದ ಕಳಿಸಿದರು, ಆ ದಿನದ ತೂಕ ಬರೆದು.

ಮೂರು ದಿನದಲ್ಲಿ ಉತ್ತರ ಬಂತು. ಬಿಎಂಐ 34.2, ಅಂದರೆ 35ಕ್ಕಿಂತ ಕಡಿಮೆ. ಒಪ್ಪಿಗೆ ಇಲ್ಲ.

ಚೆನ್ನಾಗಿ ಓದಿದ ಹುಡುಗನನ್ನು ಓದಿದ್ದಕ್ಕೇ ಫೇಲ್ ಮಾಡಿದ ಹಾಗೆ. ಎರಡೂಕಾಲು ಕಿಲೋ ಜಾಸ್ತಿ ಇದ್ದಿದ್ದರೆ ಭಾವ ಪಾಸು! ಅಕ್ಕ ಆ ಕಾಗದ ಹಿಡಕೊಂಡು ಕೇಳಿದಳು, "ಈ ಮೂವತ್ತೈದು ಅನ್ನೋದನ್ನ ಯಾರು ಮಾಡಿದ್ದು ಕಣೋ?" ನನಗೆ ಗೊತ್ತಿರಲಿಲ್ಲ. ಆಮೇಲೆ ನಾಲ್ಕಾರು ರಾತ್ರಿ ಅದನ್ನೇ ಹುಡುಕಿಕೊಂಡು ಕೂತೆ. ಹುಡುಕಿದಷ್ಟೂ ಒಂದು ವಿಚಿತ್ರ ಕಂಡಿತು. ಈ ಗೆರೆಯ ಕಥೆ ಶುರುವಾಗುವುದು ಡಾಕ್ಟರ ಕೋಣೆಯಲ್ಲಿ ಅಲ್ಲ. ಅಳತೆ ಕೊಟ್ಟವರು ಒಬ್ಬ ಖಗೋಳಜ್ಞ, ಮೊದಲ ಗೆರೆ ಎಳೆದವರು ಒಂದು ವಿಮಾ ಕಂಪನಿ.

ಖಗೋಳಜ್ಞನ ಹೆಸರು ಅಡಾಲ್ಫ್ ಕೆಟೆಲೆ, ಬೆಲ್ಜಿಯಂನವರು. ನಕ್ಷತ್ರ ನೋಡುತ್ತಿದ್ದ ಮನುಷ್ಯನಿಗೆ ಜನರನ್ನೂ ಲೆಕ್ಕದಲ್ಲಿ ಹಿಡಿಯುವ ಹುಚ್ಚು. ಬೆಳೆದವರ ತೂಕ ಹೆಚ್ಚುಕಡಿಮೆ ಅವರ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಅಂತ 1832ರಲ್ಲಿ ಬರೆದರು. ಅವರಿಗೆ ಬೇಕಾಗಿದ್ದು 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಅನ್ನುವುದು ಮಾತ್ರ. ಬೊಜ್ಜು, ಕಾಯಿಲೆ ಯಾವುದೂ ಅವರ ತಲೆಯಲ್ಲಿ ಇರಲಿಲ್ಲ.

ತೂಕಕ್ಕೂ ಸಾವಿಗೂ ನಂಟು ಹಾಕಿ ಲೆಕ್ಕ ಇಟ್ಟವರು ಜೀವವಿಮೆಯವರು. ಯಾರು ಬೇಗ ಸಾಯುತ್ತಾರೆ ಅಂತ ತಿಳಿಯುವುದು ಅವರ ಹೊಟ್ಟೆಪಾಡು ತಾನೇ. ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ಕಂಪನಿಯಲ್ಲಿ ಲೂಯಿ ಡಬ್ಲಿನ್ ಎಂಬ ಸಂಖ್ಯಾಶಾಸ್ತ್ರಜ್ಞರಿದ್ದರು. 1942-43ರಲ್ಲಿ ಅವರ ಕಂಪನಿ ಹೆಂಗಸರಿಗೊಂದು ಗಂಡಸರಿಗೊಂದು 'ಆದರ್ಶ ತೂಕ'ದ ಪಟ್ಟಿ ಹೊರಡಿಸಿತು, 1959ರಲ್ಲಿ ಅದನ್ನು ತಿದ್ದಿ ಮತ್ತೊಂದು. ನೋಡಿದರೆ ನಗು ಬರುತ್ತದೆ. 1959ರ ಪಟ್ಟಿಯಲ್ಲಿ ಎತ್ತರವನ್ನು ಅಳೆದದ್ದು ಚಪ್ಪಲಿ ಸಮೇತ, ಗಂಡಸರಿಗೆ ಒಂದಿಂಚು ಹಿಮ್ಮಡಿ, ಹೆಂಗಸರಿಗೆ ಎರಡಿಂಚು! ಮೈಕಟ್ಟಿನಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಅಂತ ಮೂರು ಸಾಲು. ನಿಮ್ಮದು ಯಾವ ಕಟ್ಟು ಅಂತ ಅಳೆಯುವುದು ಹೇಗೆ? ಅದನ್ನು ಮಾತ್ರ ಪಟ್ಟಿ ಹೇಳಿರಲಿಲ್ಲ :)

ಈ ಪಟ್ಟಿ ವಿಮಾ ಏಜೆಂಟರ ಚೀಲದಿಂದ ಡಾಕ್ಟರ ಗೋಡೆಗೆ ಹೋಯಿತು. ಅಲ್ಲಿಂದ ಆಪರೇಶನ್ ಥಿಯೇಟರಿಗೂ ಹೋಯಿತು.

ಆಪರೇಶನ್ನಿನ ಕಥೆಯೂ ಸುಮಾರು ಅದೇ ಕಾಲದ್ದು. 1954ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಕ್ರೆಮೆನ್ ಮತ್ತು ಜೊತೆಯವರು ಸಣ್ಣಕರುಳಿನ ಬಹುಭಾಗವನ್ನು ಬಳಸು ದಾರಿಯಲ್ಲಿ ದಾಟಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಬರೆದರು. ತಿಂದದ್ದು ಮೈಗೆ ಹತ್ತದೆ ಹೊರಗೆ ಹೋಗಬೇಕು, ಅದು ಉಪಾಯ. ತೂಕವೇನೋ ಇಳಿಯಿತು. ಜೊತೆಗೆ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಕೆಲವರಿಗೆ ಲಿವರ್ರೇ ಕೈಕೊಟ್ಟಿತು. ಎಷ್ಟೋ ಜನರಿಗೆ ಮತ್ತೆ ಹೊಟ್ಟೆ ಕೊಯ್ದು ಕರುಳನ್ನು ಮೊದಲಿನಂತೆ ಜೋಡಿಸಬೇಕಾಯಿತು. ಮುಂದೆ ವಿಮೆಯವರು, ಸರ್ಕಾರದವರು ಈ ಆಪರೇಶನ್ ಅಂದರೆ ಹುಬ್ಬು ಗಂಟಿಕ್ಕಿದ್ದಕ್ಕೆ ಈ ಚರಿತ್ರೆಯೂ ಕಾರಣ. ಅವರನ್ನು ಬೈಯ್ಯುವ ಭರದಲ್ಲಿ ಇದನ್ನು ಮರೆಯಬಾರದು.

1967ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಬೇರೆ ದಾರಿ ಹಿಡಿದರು. ಅಲ್ಸರ್‌ಗೆಂದು ಜಠರದ ಒಂದು ಪಾಲು ತೆಗೆಸಿಕೊಂಡ ಹೆಂಗಸರು ಸಣ್ಣಗೆ ಉಳಿಯುತ್ತಿದ್ದುದನ್ನು ಗಮನಿಸಿದ್ದವರು, ಕರುಳಿನ ಬದಲು ಜಠರವನ್ನೇ ಚಿಕ್ಕದು ಮಾಡೋಣ ಅಂದರು. ಇವತ್ತಿನ ಗ್ಯಾಸ್ಟ್ರಿಕ್ ಬೈಪಾಸಿನ ಅಜ್ಜ ಅದು.

ಇನ್ನೊಂದು ಸಂಗತಿ ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. 'ಮಾರ್ಬಿಡ್ ಒಬೆಸಿಟಿ' ಅನ್ನುವ ಮಾತಿದೆಯಲ್ಲ, ಭಾವನ ಫೈಲಿನ ಮೇಲೂ ಅದೇ ಬರೆದಿದೆ. ಅದನ್ನು 1963ರ ಸುಮಾರಿಗೆ ಚಲಾವಣೆಗೆ ತಂದವರು ಲಾಸ್ ಏಂಜಲಿಸ್‌ನ ಪೇಯ್ನ್ ಮತ್ತು ಡಿವಿಂಡ್ ಎಂಬ ಸರ್ಜನ್ನರು. ಯಾಕೆ ಅಂದರೆ, ಬರೀ 'ದಪ್ಪ' ಅಂತ ಬರೆದರೆ ವಿಮೆಯವರು ದುಡ್ಡು ಕೊಡುತ್ತಿರಲಿಲ್ಲ, ಪ್ರಾಣಕ್ಕೆ ಕುತ್ತು ತರುವ ದಪ್ಪ ಅಂತ ತೋರಿಸಬೇಕಿತ್ತು, ಅನ್ನುತ್ತಾರೆ. ಅಂದರೆ ಕಾಯಿಲೆಯ ಹೆಸರೇ ಒಂದು ಅರ್ಜಿ!

ಆಗಿನ ಸರ್ಜನ್ನರ ಲೆಕ್ಕ ಸರಳ. ಆದರ್ಶ ತೂಕಕ್ಕಿಂತ ನೂರು ಪೌಂಡ್, ನಮ್ಮ ಲೆಕ್ಕದಲ್ಲಿ 45 ಕಿಲೋ, ಹೆಚ್ಚಿದ್ದರೆ ಆಪರೇಶನ್ ಮಾಡಬಹುದು. ಆದರ್ಶ ಯಾವುದು? ವಿಮಾ ಕಂಪನಿಯ ಪಟ್ಟಿಯಲ್ಲಿದ್ದದ್ದು.

1972ರಲ್ಲಿ ಆನ್ಸೆಲ್ ಕೀಸ್ ಕೆಟೆಲೆಯ ಹಳೇ ಸೂತ್ರವನ್ನು ಧೂಳು ಕೊಡವಿ ಎತ್ತಿಕೊಂಡು 'ಬಾಡಿ ಮಾಸ್ ಇಂಡೆಕ್ಸ್' ಅಂತ ಹೆಸರಿಟ್ಟರು. ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಜನರ ಅಳತೆ ಹಿಡಿದು ಪರೀಕ್ಷಿಸಿದರು. ಎಲ್ಲರೂ ಗಂಡಸರೇ. ಭಾರತ ಆ ಐದರಲ್ಲಿ ಇರಲಿಲ್ಲ.

ಈಗ ನಮ್ಮ ಗೆರೆಗೆ ಬರೋಣ. 1991ರ ಮಾರ್ಚ್ ತಿಂಗಳು, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಮೂರು ದಿನದ ಸಭೆ ಕರೆಯಿತು. ಯಾರಿಗೆ ಈ ಆಪರೇಶನ್ ಮಾಡಬಹುದು ಅಂತ ಒಮ್ಮತಕ್ಕೆ ಬರುವುದಕ್ಕೆ. ತೀರ್ಮಾನ ಹೀಗಾಯಿತು: ಬಿಎಂಐ 40 ದಾಟಿದವರು, ಇಲ್ಲವೇ 35ರಿಂದ 40ರ ನಡುವೆ ಇದ್ದು ಶುಗರ್, ಉಸಿರು ಕಟ್ಟುವ ನಿದ್ದೆಯಂಥ ದೊಡ್ಡ ತೊಂದರೆ ಇರುವವರು. ಬಿಎಂಐ 40 ಅಂದರೆ ಗಂಡಸರಲ್ಲಿ ಸುಮಾರು ಆ ಹಳೆಯ ನೂರು ಪೌಂಡೇ, ಹೊಸ ಅಂಗಿ ಹಾಕಿಕೊಂಡು ಬಂದಿದೆ ಅಷ್ಟೆ.

ಅಕ್ಕನ ಪ್ರಶ್ನೆಗೆ ಉತ್ತರ ಅಲ್ಲಿದೆ. ಆದರೆ ಆ ಸಭೆ ಆದಾಗ ಈ ಆಪರೇಶನ್ ಅಂದರೆ ಹೊಟ್ಟೆ ಉದ್ದಕ್ಕೆ ಕೊಯ್ಯುವುದು. ಸಣ್ಣ ತೂತುಗಳ ಮೂಲಕ ಬೈಪಾಸ್ ಮಾಡಿದ ಮೊದಲ ವರದಿಯನ್ನು ಕ್ಯಾಲಿಫೋರ್ನಿಯಾದ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಪ್ರಕಟಿಸಿದ್ದು 1994ರಲ್ಲಿ. ಅಪಾಯ ಹೆಚ್ಚಿದ್ದ ಕಾಲಕ್ಕೆ ಎಳೆದ ಗೆರೆ, ಅಪಾಯ ಇಳಿದ ಮೇಲೂ ಅಲ್ಲೇ ನಿಂತಿತು. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ, ನಾಲ್ಕು ಸಾವಿರಕ್ಕೂ ಹೆಚ್ಚು ಜನರ ದೊಡ್ಡ ಅಧ್ಯಯನದ ಫಲಿತಾಂಶ 2007ರಲ್ಲಿ ಬಂತು. ಆಪರೇಶನ್ ಆದವರಲ್ಲಿ ಸಾವು ಕಡಿಮೆ ಅಂತ ಅದು ತೋರಿಸಿತು. ಗೆರೆ ಆಗಲೂ ಅಲ್ಲಾಡಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಅದು ವಿಮೆಯವರ ಕೈಗೆ ವಾಪಸ್ ಹೋಗಿತ್ತು. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್‌ನ ನಿಯಮದಲ್ಲಿ ಬೊಜ್ಜು ಕಾಯಿಲೆಯೇ ಅಲ್ಲ ಅನ್ನುವ ಒಕ್ಕಣೆ ಇತ್ತು. 2004ರಲ್ಲಿ ಅದನ್ನು ತೆಗೆದರು. 2006ರ ಫೆಬ್ರವರಿಯಲ್ಲಿ ಆಪರೇಶನ್ನಿಗೆ ದುಡ್ಡು ಕೊಡಲು ಒಪ್ಪಿದರು. ಷರತ್ತುಗಳು: ಬಿಎಂಐ 35, ಜೊತೆಗೊಂದು ಕಾಯಿಲೆ, ಮತ್ತು ಮೊದಲು ಬೇರೆ ಚಿಕಿತ್ಸೆ ಮಾಡಿ ಸೋತಿರಬೇಕು.

ಈ 'ಸೋತಿರಬೇಕು' ಅನ್ನುವುದು ದೊಡ್ಡ ತಮಾಷೆ. ಸೋತದ್ದನ್ನು ತೋರಿಸುವುದು ಹೇಗೆ? ಅಲ್ಲಿನ ಅನೇಕ ಖಾಸಗಿ ಕಂಪನಿಗಳು ಆರು ತಿಂಗಳ ಪಥ್ಯ ಕಡ್ಡಾಯ ಮಾಡಿದವು. ತಿಂಗಳಿಗೊಮ್ಮೆ ಡಾಕ್ಟರ ಎದುರು ತೂಕ, ಸಹಿ, ದಾಖಲೆ. ಒಂದು ತಿಂಗಳು ತಪ್ಪಿದರೆ ಮತ್ತೆ ಒಂದರಿಂದ ಶುರು ಮಾಡಬೇಕಾದವರೂ ಇದ್ದರು. ತೂಕ ಏರಿದರೆ 'ಶಿಸ್ತಿಲ್ಲ' ಅಂತಾರೆ, ಇಳಿದರೆ 'ಆಪರೇಶನ್ ಯಾಕೆ' ಅಂತಾರೆ ಅನ್ನುವ ಭಯ ಬೇರೆ. ಇಂಥ ಕಡ್ಡಾಯದಿಂದ ರೋಗಿಗೆ ಉಪಯೋಗ ಅಂತ ತೋರಿಸುವ ಪುರಾವೆ ಇಲ್ಲ, ಚಿಕಿತ್ಸೆ ತಡವಾಗುತ್ತದೆ ಅಷ್ಟೆ ಅಂತ ಅಮೆರಿಕದ ಬೇರಿಯಾಟ್ರಿಕ್ ಸರ್ಜನ್ನರ ಸಂಘ 2016ರಲ್ಲಿ ನೇರವಾಗಿಯೇ ಹೇಳಿತು.

ಹಾಗಂತ ತಯಾರಿಯೇ ದಂಡ ಅಂತ ಯಾರೂ ತಿಳಿಯಬಾರದು. ಭಾವನ ಜೊತೆ ಓಡಾಡಿ ನನಗೆ ಗೊತ್ತಾದದ್ದು, ತಯಾರಿ ಎರಡು ಥರ. ಒಂದು ದೇಹದ ತಯಾರಿ. ಕೊಬ್ಬು ತುಂಬಿದ ಲಿವರ್ ಜಠರದ ಮೇಲೆ ಕಂಬಳಿ ಹೊದ್ದ ಹಾಗೆ ಬಿದ್ದಿರುತ್ತದಂತೆ. ಎರಡು ವಾರ ಕಡಿಮೆ ಕ್ಯಾಲರಿಯ ಆಹಾರ ಕೊಟ್ಟರೆ ಅದು ಕುಗ್ಗಿ ಸರ್ಜನ್ನಿಗೆ ಜಾಗ ಸಿಗುತ್ತದೆ. ಸಿಗರೇಟು ಬಿಡಬೇಕು. ಎಂಡೋಸ್ಕೋಪಿ ಮಾಡಿ ಹೊಟ್ಟೆಯೊಳಗೆ ನೋಡಬೇಕು. ಕಬ್ಬಿಣ, ಬಿ12, ಡಿ ವಿಟಮಿನ್ ಎಷ್ಟಿದೆ ಅಂತ ತಿಳಿಯಬೇಕು, ಯಾಕೆಂದರೆ ಆಮೇಲೆ ಜೀವನಪೂರ್ತಿ ಮಾತ್ರೆ ನುಂಗಬೇಕಾಗುತ್ತದೆ. ಮನಶ್ಶಾಸ್ತ್ರಜ್ಞರ ಹತ್ತಿರ ಒಂದು ಗಂಟೆ ಮಾತು. ("ಮದುವೆ ಊಟಕ್ಕೆ ಹೋದರೆ ಏನ್ಮಾಡ್ತೀರಾ?" ಅಂತ ಕೇಳಿದರಂತೆ. ಭಾವ ಬಹಳ ಹೊತ್ತು ಯೋಚಿಸಿ "ಪಾಯಸದ ಹೊತ್ತಿಗೆ ಎದ್ದು ಬರ್ತೀನಿ" ಅಂದರಂತೆ!) ಇದಕ್ಕೆಲ್ಲ ಅರ್ಥ ಇದೆ. ಇನ್ನೊಂದು, ಕಾಗದದ ತಯಾರಿ. ಇವೆರಡೂ ಒಂದಕ್ಕೊಂದು ಅಡ್ಡ ಬರಬಹುದು ಅಂತ ಮಾತ್ರ ನಮಗೆ ಯಾರೂ ಹೇಳಲಿಲ್ಲ.

ನಮ್ಮ ದೇಶದ ಕಥೆ ಇನ್ನೂ ಬೇಸರ ತರಿಸಿತು. ನಮ್ಮಂಥವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆ ಬಂದು, ಶುಗರ್ ಹಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಏಷ್ಯಾದವರಿಗೆ 23 ಮತ್ತು 27.5ರ ಹತ್ತಿರವೇ ಎಚ್ಚರ ಬೇಕು ಅಂದಿದ್ದರು. 2009ರಲ್ಲಿ ಭಾರತದ ವೈದ್ಯರು ಕೂಡಿ ಮಾಡಿದ ಒಮ್ಮತದ ಹೇಳಿಕೆಯಲ್ಲಿ ಆಪರೇಶನ್ನಿನ ಗೆರೆ 37.5, ಕಾಯಿಲೆ ಇದ್ದರೆ 32.5. ಆ ಲೆಕ್ಕದಲ್ಲಿ 34.2ರ ಭಾವ ಆರಾಮಾಗಿ ಒಳಗೆ ಬರುತ್ತಾರೆ.

ಹತ್ತು ವರ್ಷದ ಮೇಲೆ, 2019ರ ಸೆಪ್ಟೆಂಬರಿನಲ್ಲಿ, ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರ ಆರೋಗ್ಯ ವಿಮೆಯಲ್ಲಿ ಏನೇನನ್ನು ಹೊರಗಿಡಬಹುದು ಅಂತ ಪಟ್ಟಿ ಮಾಡಿತು. ಅಲ್ಲಿಯವರೆಗೆ ಎಷ್ಟೋ ಪಾಲಿಸಿಗಳು ಬೊಜ್ಜಿನ ಚಿಕಿತ್ಸೆಯನ್ನು ಪೂರ್ತಿ ಹೊರಗಿಟ್ಟಿದ್ದವು. ಹಾಗಾಗಿ ಇದು ನಿಜಕ್ಕೂ ಒಂದು ಹೆಜ್ಜೆ ಮುಂದೆ. ಆದರೆ ಷರತ್ತು ಏನು ಗೊತ್ತೇ? ಹದಿನೆಂಟು ತುಂಬಿರಬೇಕು, ಬಿಎಂಐ 40 ಇರಬೇಕು, ಇಲ್ಲವೇ 35 ಇದ್ದು ಜೊತೆಗೆ ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಅಪ್ನಿಯಾ ಅಥವಾ ಹತೋಟಿ ಮೀರಿದ ಟೈಪ್ 2 ಶುಗರ್ ಇರಬೇಕು, ಬೇರೆ ದಾರಿಗಳಲ್ಲಿ ಸೋತಿರಬೇಕು. ನಮ್ಮ ವೈದ್ಯರ 37.5, 32.5 ಎಲ್ಲಿ ಹೋಯಿತೋ. 1991ರ ಅಮೆರಿಕದ ಅಂಕಿಗಳೇ ಬಂದು ಕೂತವು. ತಮಾಷೆ ಅಂದರೆ 2022ರಲ್ಲಿ ಅಮೆರಿಕದ ಆ ಸರ್ಜನ್ನರ ಸಂಘವೂ ಅಂತರರಾಷ್ಟ್ರೀಯ ಒಕ್ಕೂಟವೂ ಸೇರಿ, ಆ ಹಳೇ ಗೆರೆ ಸಾಕು, 35ಕ್ಕೆ ಬೇರೆ ಕಾಯಿಲೆ ಇಲ್ಲದಿದ್ದರೂ ಸರಿ, ಏಷ್ಯಾದವರಿಗೆ 27.5ರಿಂದಲೇ ಆಪರೇಶನ್ ಹೇಳಬಹುದು ಅಂದವು. ಗೆರೆ ಹುಟ್ಟಿದ ಊರಿನ ಸರ್ಜನ್ನರೇ ಅದನ್ನು ಅಳಿಸುತ್ತಿರುವಾಗ ಅಕ್ಕನ ಕೈಯಲ್ಲಿದ್ದ ಕಾಗದದಲ್ಲಿ ಅದು ಕೆಂಪು ಶಾಯಿಯಲ್ಲಿತ್ತು.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಸರಿ, ಈಗ ಏನ್ ಮಾಡೋದು?" ಅಂದಳು. ಚರಿತ್ರೆ ಓದಿದವನಿಗೆ ಉತ್ತರ ಹೊಳೆಯಲಿಲ್ಲ. ಅವಳೇ ಬೀರು ತೆಗೆದು, ಮೊದಲ ದಿನದ ಆಸ್ಪತ್ರೆ ಚೀಟಿ ಹುಡುಕಿ ತಂದಳು. 101 ಕಿಲೋ, ತಾರೀಕು, ನರ್ಸಿನ ಸಹಿ. ಅದರ ನಕಲು, ಇಳಿದದ್ದು ಡಾಕ್ಟರು ಹೇಳಿದ ತಯಾರಿಯಿಂದಲೇ ಅನ್ನುವ ಅವರ ಪತ್ರ, ನೋಟ್‌ಬುಕ್ಕಿನ ಎಪ್ಪತ್ತು ದಿನದ ಹಾಳೆಗಳು, ಎಲ್ಲ ಸೇರಿಸಿ ಮರುಪರಿಶೀಲನೆಗೆ ಕಳಿಸಿದ್ದೇವೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಈ ಓಡಾಟ ಇದ್ದರೆ ಮೊದಲ ದಿನದ ತೂಕದ ಚೀಟಿ ಜೋಪಾನ ಮಾಡಿ, ಪಾಲಿಸಿಯಲ್ಲಿ ಬೊಜ್ಜಿನ ಪುಟವನ್ನು ಪಥ್ಯ ಶುರುಮಾಡುವ ಮೊದಲೇ ಓದಿ, ಅರ್ಜಿಯಲ್ಲಿ ಯಾವ ದಿನದ ತೂಕ ಬರೀತಾರೆ ಅಂತ ಕೇಳಿ.

ಉತ್ತರ ಇನ್ನೂ ಬಂದಿಲ್ಲ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಭಾವ ಒಂದೂವರೆ ಚಪಾತಿಗೆ ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ಇನ್ನರ್ಧ ತಿನ್ನಲೋ ಬೇಡವೋ? ನೀನೇ ಹೇಳು, ಎಲ್ಲ ಓದಿದೀಯಲ್ಲ."