ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಓಎಸ್ ಅಪ್‌ಡೇಟ್ ಮತ್ತು ಲೋಕಲ್ ಕ್ಲೌಡ್ ಎಮ್ಯುಲೇಟರ್‌ಗಳ ಕಥೆ

ಪುಣೆ, ಹೈದರಾಬಾದ್, ಚೆನ್ನೈ, ದೆಹಲಿ, ಎಲ್ಲಿಂದ ನೋಡ್ತಿದ್ರೂ ಸರಿ, ಇವತ್ತಿನ ವಿಷಯ ನಿಮಗೆಲ್ಲ ಪರಿಚಯದ್ದೇ. ನಿನ್ನೆ ಸಂಜೆ ಚೆನ್ನಾಗಿ ಓಡ್ತಿದ್ದ ಪ್ರಾಜೆಕ್ಟ್ ಇವತ್ತು ಬೆಳಗ್ಗೆ ಓಡಲ್ಲ. ಕೋಡ್‌ನಲ್ಲಿ ಒಂದು ಸಾಲೂ ಬದಲಾಗಿಲ್ಲ. ರಾತ್ರಿ ಲ್ಯಾಪ್‌ಟಾಪ್ ತಾನೇ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಗಿದೆ, ಅಷ್ಟೇ. ಸ್ಟ್ಯಾಂಡಪ್‌ನಲ್ಲಿ ಹೇಳಿದ್ರೆ "ನಿನ್ನ ಮೆಷಿನ್ ಪ್ರಾಬ್ಲಮ್ ಇರಬೇಕು ನೋಡು" ಅಂತಾರೆ. ಹೊಸದಾಗಿ ಸೇರಿದ ಹುಡುಗನೋ ಹುಡುಗಿಯೋ ಆದ್ರೆ ತಪ್ಪು ತನ್ನದೇ ಅಂದುಕೊಂಡು ಅರ್ಧ ದಿನ ಎಮ್ಯುಲೇಟರ್ ತೆಗೆದು ಮತ್ತೆ ಹಾಕೋದರಲ್ಲೇ ಕಳೀತಾರೆ.

ನಮ್ಮಲ್ಲೊಂದು ಗಾದೆ ಇದೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಅಂತ. ಇಲ್ಲಿ ಆಗೋದು ಅದೇ. ಜ್ವರ ಬಂದಿರೋದು ಆಪರೇಟಿಂಗ್ ಸಿಸ್ಟಮ್‌ಗೆ, ಬರೆ ಬೀಳೋದು ಎಮ್ಯುಲೇಟರ್‌ಗೆ. ಇದು ಯಾಕೆ ಹೀಗೆ, ಯಾವಾಗಿಂದ ಹೀಗೆ ಅಂತ ಇವತ್ತು ನೋಡೋಣ.

ಮೊದಲು ದೊಡ್ಡದು ಸಣ್ಣದನ್ನು ಅನುಕರಿಸುತ್ತಿತ್ತು

ಎಮ್ಯುಲೇಟರ್ ಅನ್ನೋ ಪದಕ್ಕೆ ಕಂಪ್ಯೂಟರ್ ಲೋಕದ ಅರ್ಥ ಬಂದದ್ದು 1960ರ ದಶಕದ ಆರಂಭದಲ್ಲಿ, ಐಬಿಎಂ ಕಂಪನಿಯೊಳಗೆ. 1964ರ ಏಪ್ರಿಲ್ 7ರಂದು ಐಬಿಎಂ ಸಿಸ್ಟಮ್/360 ಘೋಷಿಸಿದಾಗ ಒಂದು ದೊಡ್ಡ ತಲೆನೋವಿತ್ತು. ಗಿರಾಕಿಗಳ ಹತ್ತಿರ 1401ರಂಥ ಹಳೇ ಮೆಷಿನ್‌ಗಳು, ಅದಕ್ಕೇ ಬರೆದ ಪ್ರೋಗ್ರಾಮ್‌ಗಳು ಇದ್ದವು. ಅದನ್ನೆಲ್ಲ ಬಿಸಾಕಿ ಹೊಸದು ಕೊಳ್ಳಿ ಅಂದ್ರೆ ಯಾರು ಕೊಳ್ತಾರೆ? ಹಾಗಾಗಿ ಹೊಸ ಮೆಷಿನ್‌ನೊಳಗೇ ಹಳೇ ಮೆಷಿನ್‌ನ ವೇಷ ಹಾಕಿಸುವ ವ್ಯವಸ್ಥೆ ಮಾಡಿದರು.

ಇನ್ನೊಂದು ಪ್ರಸಿದ್ಧ ಘಟನೆ 1975ರದ್ದು. ಆಲ್ಟೇರ್ 8800 ಅನ್ನೋ ಪುಟ್ಟ ಕಂಪ್ಯೂಟರ್‌ಗೆ ಬೇಸಿಕ್ ಭಾಷೆ ಬರೆದುಕೊಡ್ತೀವಿ ಅಂತ ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಒಪ್ಪಿಕೊಂಡಿದ್ದರು. ಆದರೆ ಅವರ ಕೈಯಲ್ಲಿ ಆಲ್ಟೇರ್ ಇರಲೇ ಇಲ್ಲ. ಆಲನ್ ಏನು ಮಾಡಿದರು ಅಂದ್ರೆ, ಹಾರ್ವರ್ಡ್‌ನಲ್ಲಿದ್ದ ಪಿಡಿಪಿ-10 ಅನ್ನೋ ದೊಡ್ಡ ಯಂತ್ರದಲ್ಲಿ ಆಲ್ಟೇರ್‌ನ 8080 ಚಿಪ್ ಹೇಗೆ ವರ್ತಿಸುತ್ತೋ ಹಾಗೇ ವರ್ತಿಸುವ ಪ್ರೋಗ್ರಾಮ್ ಬರೆದರು. ಬೇಸಿಕ್ ಪೂರ್ತಿ ಅದರ ಮೇಲೇ ತಯಾರಾಯ್ತು. ಆಮೇಲೆ ಆಲ್ಬಕರ್ಕಿಗೆ ಹೋಗಿ ನಿಜವಾದ ಆಲ್ಟೇರ್ ಮೇಲೆ ಹಾಕಿದಾಗ ಓಡಿತು. ಮೈಕ್ರೋಸಾಫ್ಟ್ ಕಂಪನಿಯ ಮೊದಲ ಸರಕು ಹುಟ್ಟಿದ್ದೇ ಎಮ್ಯುಲೇಟರ್ ಮೇಲೆ ಅಂದ್ರೆ ತಪ್ಪಿಲ್ಲ.

ಈ ಎರಡೂ ಕಥೆಯಲ್ಲಿ ಒಂದು ಸಮಾನ ಅಂಶ ಗಮನಿಸಿ. ದೊಡ್ಡ ಯಂತ್ರ ಸಣ್ಣ ಯಂತ್ರದ ವೇಷ ಹಾಕ್ತಿತ್ತು. ಜೊತೆಗೆ ಅನುಕರಿಸಬೇಕಾದ ಯಂತ್ರ ಬದಲಾಗ್ತಿರಲಿಲ್ಲ. 8080 ಚಿಪ್ ಇವತ್ತೂ 8080ನೇ.

ಆಮೇಲೆ ಸಣ್ಣದು ದೊಡ್ಡದರ ವೇಷ ಹಾಕಿತು

2006ರಲ್ಲಿ ಅಮೆಜಾನ್ ಎಸ್3 ಮತ್ತು ಇಸಿ2 ಶುರು ಮಾಡಿತು. 2008ರ ಏಪ್ರಿಲ್‌ನಲ್ಲಿ ಗೂಗಲ್ ಆ್ಯಪ್ ಎಂಜಿನ್ ಬಂತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಅಜೂರ್ ಘೋಷಿಸಿತು. ಈಗ ಹೊಸ ಪ್ರಶ್ನೆ ಬಂತು. ಸಾವಿರಾರು ಸರ್ವರ್‌ಗಳ ಮೇಲೆ ಓಡುವ ಸೇವೆಗೆ ಕೋಡ್ ಬರೆಯೋನು ತನ್ನ ಮೇಜಿನ ಮೇಲೆ ಅದನ್ನು ಪರೀಕ್ಷೆ ಮಾಡೋದು ಹೇಗೆ?

ಗೂಗಲ್ ತನ್ನ ಕಿಟ್‌ನಲ್ಲಿ ಪೈಥಾನ್‌ನಲ್ಲಿ ಬರೆದ ಒಂದು ಡೆವಲಪ್‌ಮೆಂಟ್ ಸರ್ವರ್ ಕೊಟ್ಟಿತು. ಮೈಕ್ರೋಸಾಫ್ಟ್ ಡೆವಲಪ್‌ಮೆಂಟ್ ಫ್ಯಾಬ್ರಿಕ್, ಡೆವಲಪ್‌ಮೆಂಟ್ ಸ್ಟೋರೇಜ್ ಅಂತ ಎರಡು ಕೊಟ್ಟಿತು. ಮುಂದೆ ಅವೇ ಕಂಪ್ಯೂಟ್ ಎಮ್ಯುಲೇಟರ್, ಸ್ಟೋರೇಜ್ ಎಮ್ಯುಲೇಟರ್ ಆದವು. 2013ರಲ್ಲಿ ಅಮೆಜಾನ್ ಡೈನಮೋಡಿಬಿ ಲೋಕಲ್ ಕೊಟ್ಟಿತು. ದಿಕ್ಕು ತಿರುಗಿತು ನೋಡಿ. ಈಗ ಸಣ್ಣ ಲ್ಯಾಪ್‌ಟಾಪ್ ಒಂದು ಇಡೀ ಡೇಟಾ ಸೆಂಟರ್‌ನ ವೇಷ ಹಾಕಬೇಕು. ಯಕ್ಷಗಾನದಲ್ಲಿ ಸಣ್ಣ ಹುಡುಗನಿಗೆ ಬಣ್ಣದ ವೇಷ ಕಟ್ಟಿದ ಹಾಗೆ. ಕಿರೀಟ ತಲೆ ಮೇಲೆ ನಿಲ್ಲಬೇಕಾದ್ರೆ ಒಳಗೆ ಸಾಕಷ್ಟು ಹಗ್ಗ ಬಿಗಿಬೇಕು.

ಆ ಹಗ್ಗಗಳು ಯಾವುವು? ಅಜೂರ್ ಸ್ಟೋರೇಜ್ ಎಮ್ಯುಲೇಟರನ್ನೇ ತಗೊಳ್ಳಿ. ಡೇಟಾ ಇಡಲಿಕ್ಕೆ ಹಿಂದೆ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್, ಆಮೇಲೆ ಲೋಕಲ್‌ಡಿಬಿ. ಹೊರಗೆ ಮಾತಾಡಲಿಕ್ಕೆ ಮೂರು ಪೋರ್ಟ್: ಬ್ಲಾಬ್‌ಗೆ 10000, ಕ್ಯೂಗೆ 10001, ಟೇಬಲ್‌ಗೆ 10002. ಅಂದ್ರೆ ಎಮ್ಯುಲೇಟರ್ ಅನ್ನೋದು ಸ್ವಂತ ಮನೆ ಅಲ್ಲ, ಬಾಡಿಗೆ ಮನೆ. ಡಿಸ್ಕ್, ಡೇಟಾಬೇಸ್, ನೆಟ್‌ವರ್ಕ್, ರನ್‌ಟೈಮ್ ಎಲ್ಲ ಓನರ್‌ದು. ಓನರ್ ಅಂದ್ರೆ ಓಎಸ್. ಊರು ಬಿಟ್ಟು ಬಂದು ಬಾಡಿಗೆ ಮನೆಯಲ್ಲಿರೋ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಓನರ್ ಬೀಗ ಬದಲಾಯಿಸೋ ವೇಗ

ಹಿಂದೆ ಓನರ್ ಅಪರೂಪಕ್ಕೆ ಬರ್ತಿದ್ದ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದರೆ ವಿಸ್ಟಾ ಅಂಗಡಿಗೆ ಬಂದದ್ದು 2007ರಲ್ಲಿ. 2015ರ ಜುಲೈನಲ್ಲಿ ವಿಂಡೋಸ್ 10 ಬಂದಮೇಲೆ ಕಥೆ ಬದಲಾಯ್ತು. ವಿಂಡೋಸ್ ಒಂದು ನಿರಂತರ ಸೇವೆ ಅಂತ ಘೋಷಣೆ ಆಯ್ತು, 2017ರ ಹೊತ್ತಿಗೆ ವರ್ಷಕ್ಕೆ ಎರಡು ದೊಡ್ಡ ಅಪ್‌ಡೇಟ್ ಅಂತ ನಿಗದಿ ಆಯ್ತು. ವಿಂಡೋಸ್ 11ರಿಂದ ವರ್ಷಕ್ಕೊಂದು. ಮ್ಯಾಕ್ ಕೂಡ ವರ್ಷಕ್ಕೊಂದು ಹೊಸ ಆವೃತ್ತಿ ತರುತ್ತೆ. ಇದಲ್ಲದೆ 2003ರಿಂದ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್‌ನ ಸೆಕ್ಯೂರಿಟಿ ಪ್ಯಾಚ್. ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗ್ಗೆ 10 ಗಂಟೆ ಅಂದ್ರೆ ನಮಗೆ ಮಂಗಳವಾರ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಅವರ ಪ್ಯಾಚ್ ಮಂಗಳವಾರ ಆದ್ರೆ, ಅದರ ಪರಿಣಾಮ ನಾವು ನೋಡೋದು ಬುಧವಾರ ಬೆಳಗ್ಗೆ. ಕಂಪನಿ ಐಟಿಯವರು ತಡೆದು ಬಿಟ್ಟರೆ ಇನ್ನೊಂದು ವಾರ ಬಿಟ್ಟು.

ಈ ಅವಧಿಯಲ್ಲಿ ಎಮ್ಯುಲೇಟರ್‌ಗಳನ್ನು ಕೆಡವಿದ ಮೂರು ಬಗೆಯ ಘಟನೆ ಹೇಳ್ತೀನಿ.

ಮೊದಲನೆಯದು ಪೋರ್ಟ್. ಹಳೇ ಕಾಲದಲ್ಲಿ ಟೊರೆಂಟ್ ಸಾಫ್ಟ್‌ವೇರ್ ಬಂದು 10000ದಲ್ಲಿ ಕೂತರೆ ಅಜೂರ್ ಎಮ್ಯುಲೇಟರ್ ಏಳ್ತಿರಲಿಲ್ಲ. ಅದು ಸುಲಭ, ನೆಟ್‌ಸ್ಟ್ಯಾಟ್ ಹಾಕಿದ್ರೆ ಕಳ್ಳ ಸಿಗ್ತಿದ್ದ. ಆದರೆ ಡಾಕರ್, ಡಬ್ಲ್ಯುಎಸ್‌ಎಲ್2 ಬಂದು ಹೈಪರ್-ವಿ ಎಲ್ಲರ ಲ್ಯಾಪ್‌ಟಾಪ್‌ಗೂ ಬಂದಮೇಲೆ ವಿಚಿತ್ರ ಶುರುವಾಯ್ತು. ವಿಂಡೋಸ್‌ನ ವಿನ್‌ನ್ಯಾಟ್ ಸೇವೆ ಬೂಟ್ ಆಗುವಾಗ ಕೆಲವು ಪೋರ್ಟ್ ಸಾಲುಗಳನ್ನು ತನಗಂತ ಕಾಯ್ದಿರಿಸುತ್ತೆ. ಸಾಮಾನ್ಯವಾಗಿ ಅದು 49152ರಿಂದ ಮೇಲಿನ ಡೈನಮಿಕ್ ಪೋರ್ಟ್‌ಗಳಲ್ಲಿರಬೇಕು. ಕೆಲವು ಮೆಷಿನ್‌ಗಳಲ್ಲಿ ಅಪ್‌ಡೇಟ್ ಆದಮೇಲೆ ಈ ಡೈನಮಿಕ್ ಸಾಲು 1024ರಿಂದಲೇ ಶುರುವಾಗಿ, ಕಾಯ್ದಿರಿಸಿದ ತುಂಡುಗಳು ನಮ್ಮ ಪೋರ್ಟ್‌ಗಳ ಮೇಲೇ ಬಂದು ಬಿದ್ದವು. ಬಸ್ಸಲ್ಲಿ ಯಾರೂ ಕೂತಿಲ್ಲ, ಆದ್ರೆ ಸೀಟ್ ಮೇಲೆ ಟವೆಲ್ ಹಾಕಿದ್ದಾರೆ. ನೆಟ್‌ಸ್ಟ್ಯಾಟ್‌ನಲ್ಲಿ ಯಾರೂ ಕಾಣಲ್ಲ, ಎಮ್ಯುಲೇಟರ್ ಮಾತ್ರ ಏಳಲ್ಲ.

ಇದಕ್ಕೊಂದು ಗುರುತು ನೆನಪಿಡಿ. ಎರರ್ ನಂಬರ್ 10048 ಬಂದ್ರೆ ಪೋರ್ಟ್‌ನಲ್ಲಿ ಯಾರೋ ನಿಜವಾಗ್ಲೂ ಕೂತಿದ್ದಾರೆ. 10013 ಬಂದ್ರೆ ಅನುಮತಿ ಇಲ್ಲ ಅಂತ, ಅಂದ್ರೆ ಬಹುಪಾಲು ಟವೆಲ್ ಕೇಸು. ನೆಟ್‌ಎಸ್‌ಎಚ್ ಕಮಾಂಡ್‌ನಲ್ಲಿ ಎಕ್ಸ್‌ಕ್ಲೂಡೆಡ್ ಪೋರ್ಟ್ ರೇಂಜ್ ಪಟ್ಟಿ ತೆಗೆದು ನೋಡಿ. ನಿಮ್ಮ ಪೋರ್ಟ್ ಅದರೊಳಗಿದ್ರೆ ವಿನ್‌ನ್ಯಾಟ್ ನಿಲ್ಲಿಸಿ, ನಿಮ್ಮ ಪೋರ್ಟನ್ನು ನೀವೇ ಕಾಯ್ದಿರಿಸಿ, ಮತ್ತೆ ವಿನ್‌ನ್ಯಾಟ್ ಶುರು ಮಾಡಿ. ಅಂದ್ರೆ ಮೊದಲು ನಿಮ್ಮ ಟವೆಲ್ ಹಾಕಿ. ಮ್ಯಾಕ್‌ನವರೂ ಬಚಾವಾಗಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಬಂದ ಮಾಂಟೆರೇಯಲ್ಲಿ ಏರ್‌ಪ್ಲೇ ರಿಸೀವರ್ 5000 ಮತ್ತು 7000 ಪೋರ್ಟ್ ಹಿಡಿದು ಕೂತಿತು. 5000 ಅಂದ್ರೆ ಫ್ಲಾಸ್ಕ್‌ನ ಮಾಮೂಲಿ ಪೋರ್ಟ್.

ಎರಡನೆಯದು ಡಿಸ್ಕ್. 2021ರ ಅಕ್ಟೋಬರ್ 5ಕ್ಕೆ ವಿಂಡೋಸ್ 11 ಬಂತು. ಅಪ್‌ಗ್ರೇಡ್ ಮಾಡಿದ ಕೆಲವರ ಲ್ಯಾಪ್‌ಟಾಪ್‌ನಲ್ಲಿ ಲೋಕಲ್‌ಡಿಬಿ ಶುರುವಾಗಲೇ ಇಲ್ಲ. ಲಾಗ್ ತೆಗೆದ್ರೆ 256 ಬಾರಿ ಮಿಸ್‌ಅಲೈನ್ಡ್ ಐಒ ಅಂತ ಒಂದು ಸಾಲು. ಕಾರಣ ಏನಪ್ಪ ಅಂದ್ರೆ, ಎಸ್‌ಕ್ಯೂಎಲ್ ಸರ್ವರ್‌ಗೆ ಬೇಕಾಗಿರೋದು 512 ಬೈಟ್ ಅಥವಾ 4 ಕೆಬಿ ಸೆಕ್ಟರ್. ಕೆಲವು ಎನ್‌ವಿಎಂಇ ಡಿಸ್ಕ್‌ಗಳ ಸೆಕ್ಟರ್ ಗಾತ್ರ ಅದಕ್ಕಿಂತ ದೊಡ್ಡದು. ವಿಂಡೋಸ್ 10ರ ಡ್ರೈವರ್ ಈ ನಿಜ ಹೇಳ್ತಿರಲಿಲ್ಲ, ವಿಂಡೋಸ್ 11ರ ಡ್ರೈವರ್ ಹೇಳಿತು. ಡಿಸ್ಕ್ ಅದೇ, ಡೇಟಾಬೇಸ್ ಅದೇ. ಓಎಸ್ ನಿಜ ಹೇಳಲು ಶುರು ಮಾಡಿದ್ದಕ್ಕೆ ಕೆಲಸ ನಿಂತಿತು! ಎಫ್‌ಎಸ್‌ಯುಟಿಲ್‌ನ ಸೆಕ್ಟರ್‌ಇನ್ಫೋದಲ್ಲಿ ಗಾತ್ರ ಗೊತ್ತಾಗುತ್ತೆ. ಡ್ರೈವರ್ ಮತ್ತೆ 4 ಕೆಬಿ ಅಂತಲೇ ಹೇಳುವಂತೆ ಮಾಡುವ ರಿಜಿಸ್ಟ್ರಿ ಬದಲಾವಣೆಯನ್ನು ಮೈಕ್ರೋಸಾಫ್ಟೇ ತನ್ನ ದಾಖಲೆಯಲ್ಲಿ ಕೊಟ್ಟಿದೆ. ಮಾಡಿ ರೀಸ್ಟಾರ್ಟ್ ಮಾಡಬೇಕು. ಇದು ಗೊತ್ತಿಲ್ಲದೆ ಎಮ್ಯುಲೇಟರನ್ನು ಹತ್ತು ಸಲ ರೀಇನ್‌ಸ್ಟಾಲ್ ಮಾಡಿದರೂ ಪ್ರಯೋಜನ ಇಲ್ಲ. ಎಮ್ಮೆಗೆ ಹತ್ತು ಬರೆ, ಅಷ್ಟೇ.

ಮೂರನೆಯದು ರನ್‌ಟೈಮ್ ಮತ್ತು ಚಿಪ್. ಪೈಥಾನ್ 2ರ ಆಯುಷ್ಯ 2020ರ ಜನವರಿ 1ಕ್ಕೆ ಮುಗಿಯಿತು, ಆದರೆ ಮ್ಯಾಕ್ ಜೊತೆ ಪೈಥಾನ್ 2.7 ಬರ್ತಾನೇ ಇತ್ತು. 2022ರ ಮಾರ್ಚ್‌ನಲ್ಲಿ ಬಂದ ಮ್ಯಾಕ್‌ಓಎಸ್ 12.3 ಅದನ್ನು ತೆಗೆದುಹಾಕಿತು. ಓಎಸ್ ಜೊತೆ ಬಂದ ಪೈಥಾನನ್ನೇ ನಂಬಿದ್ದ ಹಳೇ ಸಾಧನಗಳೆಲ್ಲ ಒಂದೇ ಅಪ್‌ಡೇಟ್‌ಗೆ ಕಾಲು ಕಳಕೊಂಡವು. ಅದಕ್ಕೂ ಮುಂಚೆ 2020ರ ನವೆಂಬರ್‌ನಲ್ಲಿ ಆ್ಯಪಲ್ ತನ್ನ ಎಂ1 ಚಿಪ್ ತಂದಾಗ ಡೈನಮೋಡಿಬಿ ಲೋಕಲ್ ಒದ್ದಾಡಿತು. ಹೊರಗೆ ಅದು ಜಾವಾ, ಎಲ್ಲಿ ಬೇಕಾದ್ರೂ ಓಡಬೇಕು. ಒಳಗೆ ಮಾತ್ರ ಎಸ್‌ಕ್ಯೂಲೈಟ್‌ನ ನೇಟಿವ್ ಲೈಬ್ರರಿ, ಹೊಸ ಚಿಪ್‌ಗೆ ಅದರ ಪ್ರತಿ ಇರಲಿಲ್ಲ. ಇಂಟೆಲ್ ಜಾವಾ ಹಾಕಿ ರೊಸೆಟ್ಟಾ ಮೇಲೆ ಓಡಿಸಬೇಕಾಯ್ತು. ಆಮೇಲೆ ಅಮೆಜಾನ್ ಸರಿ ಮಾಡಿತು. ಎಮ್ಯುಲೇಟರ್ ಓಡಿಸಲಿಕ್ಕೆ ಇನ್ನೊಂದು ಅನುಕರಣೆಯ ಪದರ!

ಅಪ್‌ಡೇಟ್ ನಿಲ್ಲಿಸೋದು ಪರಿಹಾರವಾ?

ಎಷ್ಟೋ ಟೀಮ್‌ಗಳಲ್ಲಿ ಕೇಳಿಬರೋ ಸಲಹೆ, ಅಪ್‌ಡೇಟ್ ಆಫ್ ಮಾಡಿಬಿಡು ಅಂತ. 2017 ನೆನಪಿಸಿಕೊಳ್ಳಿ. ಮಾರ್ಚ್ 14ಕ್ಕೆ ಮೈಕ್ರೋಸಾಫ್ಟ್ ಒಂದು ಪ್ಯಾಚ್ ಬಿಟ್ಟಿತ್ತು. ಮೇ 12ಕ್ಕೆ ವಾನಾಕ್ರೈ ಹರಡಿದಾಗ ಆ ಪ್ಯಾಚ್ ಹಾಕದ ಮೆಷಿನ್‌ಗಳೇ ಸಿಕ್ಕಿಬಿದ್ದದ್ದು. ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯ್ತು. ಎರಡು ತಿಂಗಳ ತಡ, ಅಷ್ಟಕ್ಕೇ. ಹಾಗಾಗಿ ಓನರ್ ಬರಲೇಬಾರದು ಅನ್ನೋ ವಾದ ನಿಲ್ಲಲ್ಲ.

ಇತಿಹಾಸ ಹೋದ ದಾರಿ ಬೇರೆ: ಎಮ್ಯುಲೇಟರ್ ಓನರ್ ಮೇಲೆ ಅವಲಂಬಿಸೋದನ್ನು ಕಡಿಮೆ ಮಾಡಿಕೊಂಡಿತು. 2013ರಲ್ಲಿ ಡಾಕರ್ ಬಂದಮೇಲೆ ರನ್‌ಟೈಮ್ ಸಮೇತ ಪ್ಯಾಕ್ ಮಾಡೋದು ರೂಢಿಯಾಯ್ತು. ಹಳೇ ಅಜೂರ್ ಸ್ಟೋರೇಜ್ ಎಮ್ಯುಲೇಟರ್ ಜಾಗಕ್ಕೆ ಅಜೂರೈಟ್ ಬಂತು. ಅದು ಓಪನ್ ಸೋರ್ಸ್, ನೋಡ್.ಜೆಎಸ್ ಮೇಲೆ ಓಡುತ್ತೆ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತೆ, ಲೋಕಲ್‌ಡಿಬಿ ಬೇಕಿಲ್ಲ. ಡಿಸ್ಕ್ ಸೆಕ್ಟರ್‌ನ ಹಗ್ಗ ಬಿಚ್ಚಿತು. ಆದ್ರೆ ಪೋರ್ಟ್ ಮಾತ್ರ ಇವತ್ತೂ ಅದೇ 10000, 10001, 10002. ಆ ಹಗ್ಗ ಹಾಗೇ ಇದೆ, ಟವೆಲ್ ಕಥೆ ಈಗಲೂ ಲಾಗೂ ಆಗುತ್ತೆ.

ಹಾಗಾಗಿ ಮುಂದಿನ ಬುಧವಾರ ಬೆಳಗ್ಗೆಗೆ ಒಂದು ಕ್ರಮ ಇಟ್ಕೊಳ್ಳಿ. ಮೊದಲು ಓಎಸ್‌ನ ಅಪ್‌ಡೇಟ್ ಹಿಸ್ಟರಿ ತೆಗೆದು ರಾತ್ರಿ ಏನು ಬಂತು ನೋಡಿ. ಆಮೇಲೆ ಪೋರ್ಟ್: 10048ಆ, 10013ಆ? ಆಮೇಲೆ ಹಿಂದಿರುವ ಡೇಟಾಬೇಸ್ ಒಂದನ್ನೇ ಬೇರೆಯಾಗಿ ಶುರು ಮಾಡಿ, ಅದರದೇ ಲಾಗ್ ಓದಿ. ಆಮೇಲೆ ರನ್‌ಟೈಮ್ ಆವೃತ್ತಿ ಮತ್ತು ಚಿಪ್. ಇಷ್ಟೂ ಸರಿ ಇದ್ರೆ ಮಾತ್ರ ಎಮ್ಯುಲೇಟರ್ ರೀಇನ್‌ಸ್ಟಾಲ್. ಅದನ್ನು ಕೊನೆಗೆ ಇಡೋಕೆ ಕಾರಣ ಇದೆ: ಡೇಟಾಬೇಸ್ ಅಳಿಸಿ ಹೊಸದಾಗಿ ಮಾಡಿದ್ರೆ ನೀವು ಕೂಡಿಟ್ಟ ಟೆಸ್ಟ್ ಡೇಟಾ ಹೋಗುತ್ತೆ. ಸಿಕ್ಕ ಕಾರಣವನ್ನು ಪ್ರಾಜೆಕ್ಟ್‌ನ ರೀಡ್‌ಮೀಯಲ್ಲಿ ಎರಡು ಸಾಲು ಬರೆದಿಡಿ.

ಇದು ಬರೀ ಅರ್ಧ ದಿನ ಉಳಿಸೋ ವಿಷಯ ಅಲ್ಲ. ಲೋಕಲ್ ಎಮ್ಯುಲೇಟರ್ ಅಂದ್ರೆ ಪುಕ್ಕಟೆ ಕ್ಲೌಡ್. ಕ್ರೆಡಿಟ್ ಕಾರ್ಡ್ ಇಲ್ಲದ ಎಂಜಿನಿಯರಿಂಗ್ ವಿದ್ಯಾರ್ಥಿಗೆ, ಬೆಂಚ್ ಮೇಲಿದ್ದು ಹೊಸ ವಿದ್ಯೆ ಕಲಿಯೋ ಫ್ರೆಶರ್‌ಗೆ, ಬಿಲ್ ನೋಡಿ ಹೆದರೋ ಸಣ್ಣ ಕಂಪನಿಗೆ ಅದೇ ತಾಲೀಮಿನ ಮನೆ. ಅದು ಮುರಿದಾಗ ದುಡ್ಡಿದ್ದವನು ನೇರ ಕ್ಲೌಡ್‌ಗೆ ಹೋಗ್ತಾನೆ, ಇಲ್ಲದವನು ಕಲಿಯೋದನ್ನೇ ಬಿಡ್ತಾನೆ. ನಿಮ್ಮ ಟೀಮಿನ ಹೊಸ ಹುಡುಗಿ ನಾಳೆ "ಎಮ್ಯುಲೇಟರ್ ಏಳ್ತಿಲ್ಲ" ಅಂದ್ರೆ, ಅವಳ ಮೆಷಿನ್‌ನ ದೂರೋ ಮುಂಚೆ ಒಂದು ಪ್ರಶ್ನೆ ಕೇಳಿ: "ರಾತ್ರಿ ಅಪ್‌ಡೇಟ್ ಆಯ್ತೇನಮ್ಮ?"